ಬಳಸಿದ ಯಂತ್ರದೋಣಿಯ ಪರೀಕ್ಷೆಯೂ ಅದಕ್ಕೆ ಮೀನುಗಾರಿಕೆಯ ಸಲಕರಣೆಗಳ ಜೋಡಣೆಯೂ

ಕುಂದಾಪುರ ತಾಲೂಕಿನ ತೆಕ್ಕಟ್ಟೆಯು ಒಂದು ಕಡೆ ಭತ್ತದ ಗದ್ದೆ ಮತ್ತು ತೆಂಗಿನ ತೋಟಗಳನ್ನೂ ಇನ್ನೊಂದು ಕಡೆ ಕೊಮೆಯ ಮರಳ ದಂಡೆಯನ್ನೂ ಹೊಂದಿರುವ ಗ್ರಾಮವು. ಇಂತಹ ಊರುಗಳಲ್ಲಿ ನೆಲದ ದುಡಿಮೆಯೂ ಕಡಲಿನ ದುಡಿಮೆಯೂ ಒಂದನ್ನೊಂದು ಬಿಟ್ಟು ಇದ್ದುದಿಲ್ಲ. ಹಿಂದಿನ ಕಾಲದಲ್ಲಿ ಬೈಗೆ ಮೀನು ಹೇರಳವಾಗಿ ಬಿದ್ದ ವರ್ಷ ತೆಂಗಿನ ಬುಡಕ್ಕೆ ಮೀನುಗೊಬ್ಬರ ಸಾಕಷ್ಟು ದೊರೆಯುತ್ತಿತ್ತು. ಗದ್ದೆ ಚೆನ್ನಾಗಿ ಬೆಳೆದ ವರ್ಷ ಬಲೆಗೂ ದೋಣಿಗೂ ಮುಂಗಡ ಹಣ ಹುಟ್ಟುತ್ತಿತ್ತು. ಈಗಲೂ ದಂಡೆಯ ನಾಲ್ಕಾರು ಯುವಕರು ಸೇರಿ ಒಂದು ದೋಣಿ ಮಾಡಬೇಕೆಂದಾಗ ಊರಿನ ಭೂಮಾಲಿಕರ ಬಳಿಗೆ ಹಣಕ್ಕಾಗಿ ಬರುವುದೂ, ಗುರಿಕಾರರನ್ನು ಮಾತಿಗೆ ಕರೆಯುವುದೂ ಅಪರೂಪವಲ್ಲ. ಹೊಸ ಫೈಬರ್ ದೋಣಿ, ಹೊಸ ಯಂತ್ರ, ಹೊಸ ಬಲೆ ಎಲ್ಲವನ್ನೂ ಒಮ್ಮೆಗೇ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲವಾದುದರಿಂದ ಮಲ್ಪೆ, ಗಂಗೊಳ್ಳಿ ಮುಂತಾದೆಡೆಗಳಿಂದ ಬಳಸಿದ ದೋಣಿಯನ್ನು ತಂದು ದುರಸ್ತಿ ಮಾಡಿಕೊಳ್ಳುವ ಪದ್ಧತಿಯು ಉಂಟಾಗಿದೆ.

ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ಒಂದು ಸುತ್ತು ನಡೆಸಿ ನೋಡದೆ ಯಾವ ಸಾಗುವಳಿದಾರನೂ ಹಣ ಎಣಿಸುವುದಿಲ್ಲ. ಅದೇ ಯಜಮಾನರು ದೋಣಿಯ ವಿಷಯದಲ್ಲಿ ಮಾತ್ರ ಹೊಸದಾಗಿ ಬಳಿದ ಬಣ್ಣವನ್ನು ಕಂಡು ತೃಪ್ತರಾಗುವರು. ಎತ್ತು ಕೆಟ್ಟದ್ದಾದರೆ ಒಂದು ಉಳುಮೆ ಕೆಟ್ಟೀತು. ದೋಣಿ ಕೆಟ್ಟದ್ದಾದರೆ ಅಳಿವೆಯ ಬಾಯಲ್ಲಿ ಆರು ಜನರ ಪ್ರಾಣವು ಒಂದು ತುಕ್ಕುಹಿಡಿದ ಬೋಲ್ಟನ್ನು ನಂಬಿಕೊಂಡಿರುವುದು. ಆದಕಾರಣ ಹಣ ಕೊಡತಕ್ಕವರೂ ಪಂಚಾಯತಿಕೆ ನಡೆಸತಕ್ಕವರೂ ಈ ಕೆಲಸದ ಮುಖ್ಯಾಂಶಗಳನ್ನು ತಿಳಿದಿರುವುದು ಅವಶ್ಯ.

ಈ ಕರಾವಳಿಯಲ್ಲಿ ಯಂತ್ರವು ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ದೇಶದಲ್ಲಿ ಮೀನುಗಾರಿಕೆಗೆ ಯಂತ್ರದ ದೋಣಿಗಳನ್ನು ಬಳಕೆಗೆ ತರುವ ದೊಡ್ಡ ಪ್ರಯತ್ನವು 1953ರಲ್ಲಿ ಕೇರಳದ ನೀಂಡಕರೆಯಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆಯಿಂದ ಆರಂಭವಾಯಿತು. ನಮ್ಮ ದಂಡೆಯಲ್ಲಿ ಅನೇಕ ಕಾಲದವರೆಗೆ ರಂಪಣಿಯೇ ಪ್ರಧಾನವಾಗಿತ್ತು. ನೂರಾರು ಕೈಗಳು ಸೇರಿ ದಡದಿಂದಲೇ ಎಳೆಯುವ ಆ ದೊಡ್ಡ ಬಲೆಯು 1975ರ ಸುಮಾರಿಗೆ ಪರ್ಸೀನ್ ಬೋಟುಗಳು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಹಿಂದೆ ಬಿದ್ದಿತು. ರಂಪಣಿಯವರ ಮಕ್ಕಳು ನಾಡದೋಣಿಯ ಹಿಂಬದಿಗೆ ಔಟ್‌ಬೋರ್ಡ್ ಯಂತ್ರವನ್ನು ತೂಗಹಾಕಿಕೊಂಡು ಕಡಲಿಗಿಳಿದರು. ತೆಕ್ಕಟ್ಟೆಯಂತಹ ಊರಿನವರು ಕೊಳ್ಳುವುದು ಬಹುಮಟ್ಟಿಗೆ ಇಂತಹ ದೋಣಿಯನ್ನೇ ಆದುದರಿಂದ ಮುಂದಿನ ವಿವರಗಳೆಲ್ಲ ಅದನ್ನೇ ಕುರಿತವುಗಳು.

ಇನ್ನೊಂದು ಸಂಗತಿಯನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯಕೂಡದು. ಸಣ್ಣ ಯಂತ್ರವುಳ್ಳ ನಾಡದೋಣಿಗಳಿಗೆ, ಅಂದರೆ 10 ಅಶ್ವಶಕ್ತಿಯವರೆಗಿನವುಗಳಿಗೆ, ಈ ನಿಷೇಧದಿಂದ ವಿನಾಯಿತಿ ಉಂಟು. ಮಳೆಗಾಲದ ಸಿಗಡಿ, ಬಂಗುಡೆಗಳ ಸಂಪಾದನೆಯು ಈ ಸಣ್ಣ ದೋಣಿಗಳದ್ದೇ. ಇದರ ಅರ್ಥವೇನೆಂದರೆ, ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಲ್ಪಟ್ಟಿರುವಾಗ, ಕಡಲು ಅತ್ಯಂತ ಒರಟಾಗಿರುವಾಗ, ಎಲ್ಲಕ್ಕಿಂತ ಸಣ್ಣದಾದ ದೋಣಿಯು ಹೊರಗೆ ಹೋಗುವುದು. ತೆಕ್ಕಟ್ಟೆಗೆ ತನ್ನದೇ ಆದ ಬಂದರಿಲ್ಲ. ಉತ್ತರಕ್ಕೆ ಗಂಗೊಳ್ಳಿಯ ಅಳಿವೆ, ದಕ್ಷಿಣಕ್ಕೆ ಸೀತಾ-ಸ್ವರ್ಣಾ ನದಿಗಳು ಕಡಲು ಸೇರುವ ಹಂಗಾರಕಟ್ಟೆ-ಕೋಡಿಬೆಂಗ್ರೆಯ ಅಳಿವೆ. ಈ ಎರಡರಲ್ಲಿ ಒಂದನ್ನು ದಾಟಿಯೇ ಹೊರಗೆ ಹೋಗಬೇಕು, ಇಲ್ಲವೆ ಬಯಲು ದಂಡೆಯಿಂದ ಅಲೆಗಳನ್ನು ಸೀಳಿಕೊಂಡು ಇಳಿಯಬೇಕು. ಎರಡೂ ಕಡೆಗಳಲ್ಲಿ ಯಂತ್ರವು ಅರೆನಿಮಿಷ ನಿಂತರೆ ದೋಣಿಯು ಅಲೆಗೆ ಅಡ್ಡಲಾಗಿ ತಿರುಗುವುದು, ಅಡ್ಡಲಾದ ದೋಣಿಯು ಮಗುಚುವುದು. ಆದುದರಿಂದ ದುರಸ್ತಿ ಮತ್ತು ಜೋಡಣೆಯ ಕೆಲಸವೆಲ್ಲವೂ ಏಪ್ರಿಲ್-ಮೇ ತಿಂಗಳುಗಳಲ್ಲಿಯೇ ಮುಗಿಯತಕ್ಕದ್ದು. ಮೊದಲ ಮಳೆ ಬಿದ್ದ ಮೇಲೆ ಫೈಬರಿನ ಅಂಟು ಸರಿಯಾಗಿ ಒಣಗುವುದಿಲ್ಲ, ಕೆಲಸಗಾರರಿಗೂ ಬಿಡುವಿರುವುದಿಲ್ಲ.

ದೋಣಿಯ ಒಡಲನ್ನು ಪರೀಕ್ಷಿಸುವಾಗ ಅದನ್ನು ಮೇಲೆಳೆಯಿಸಿ, ಪೂರ್ತಿ ಒಣಗಿಸಿ, ಮರದ ಸಣ್ಣ ಸುತ್ತಿಗೆಯಿಂದ ಮೊಳಕ್ಕೊಂದು ಕಡೆಯಂತೆ ಮೆಲ್ಲಗೆ ಬಡಿದು ನೋಡಬೇಕು. ಗಟ್ಟಿಯಾದ ಫೈಬರು ಖಣಖಣ ಎನ್ನುವುದು. ಪದರ ಬಿಟ್ಟ ಕಡೆಯಲ್ಲಿ ಹಳೆಯ ತೆಂಗಿನಕಾಯಿಯಂತೆ ಬೊಳ್ಳು ಸದ್ದು ಬರುವುದು. ಹೊರಮೈಯಲ್ಲಿ ಸಣ್ಣ ಗುಳ್ಳೆಗಳಿದ್ದರೆ ನೀರು ಪದರದೊಳಗೆ ಸೇರಿದೆಯೆಂದು ತಿಳಿಯತಕ್ಕದ್ದು. ಕೆಲವು ಗುಳ್ಳೆಗಳನ್ನು ಕೆರೆದು, ಒಣಗಿಸಿ, ತುಂಬಬಹುದು. ಅಡಿಯೆಲ್ಲ ಗುಳ್ಳೆಯಾಗಿದ್ದರೆ ಬೆಲೆಯನ್ನು ಇಳಿಸುವುದಕ್ಕಿಂತ ಆ ದೋಣಿಯನ್ನು ಬಿಡುವುದೇ ಲೇಸು. ಮರದ ದೋಣಿಯಾದರೆ ಚೂರಿಯ ಮೊನೆಯೇ ಪರೀಕ್ಷಕ. ಹಲಗೆಗಳು ಕೂಡುವ ಸಂದು, ನೀರಿನ ಗೆರೆಯ ಆಸುಪಾಸು, ಅಡಿಮರದ ಎರಡು ಕೊನೆ, ಇಷ್ಟು ಕಡೆ ಮೊನೆಯು ಬೆಣ್ಣೆಗೆ ಇಳಿದಂತೆ ಇಳಿಯಬಾರದು. ಹಡಗುಹುಳುವು ಹೊರಗೆ ಸೂಜಿಯಷ್ಟು ತೂತು ಮಾಡಿ ಒಳಗೆ ಬೆರಳಷ್ಟು ಸುರಂಗ ಕೊರೆಯುವುದರಿಂದ ಮೇಲ್ನೋಟಕ್ಕೆ ಮೋಸವಾಗುವುದು. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಮೀನೆಣ್ಣೆಯನ್ನೂ ಸವರುವ ನಮ್ಮ ಹಿರಿಯರ ರೂಢಿಯು ಅರ್ಥವಿಲ್ಲದ್ದಲ್ಲ; ಗೇರೆಣ್ಣೆಯು ಹುಳುವಿಗೆ ಒಗ್ಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಲಕ್ಷ್ಯವನ್ನು ಯಂತ್ರವನ್ನು ತೂಗಹಾಕುವ ಹಿಂಬದಿಯ ಹಲಗೆಗೆ ಕೊಡಬೇಕು. ಫೈಬರ್ ದೋಣಿಗಳಲ್ಲಿ ಈ ಹಲಗೆಯು ಹೊರಗೆ ಫೈಬರು, ಒಳಗೆ ಪ್ಲೈವುಡ್ ಆಗಿರುವುದು. ಹಳೆಯ ಯಂತ್ರದ ಬೋಲ್ಟುಗಳ ತೂತಿನ ಮೂಲಕ ವರ್ಷಗಟ್ಟಲೆ ನೀರು ಒಸರಿ ಒಳಗಿನ ಮರವು ಕೊಳೆತಿದ್ದರೂ ಹೊರಗೆ ಏನೂ ಕಾಣುವುದಿಲ್ಲ. ಪರೀಕ್ಷೆಯ ಕ್ರಮ ಹೀಗೆ: ಯಂತ್ರವು ಅದರ ಮೇಲಿರುವಾಗಲೇ ಪಂಖದ ಬಳಿಯ ಕೆಳಭಾಗವನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಒತ್ತಿರಿ, ಇನ್ನೊಬ್ಬರು ಹಲಗೆಯನ್ನು ನೋಡುತ್ತಿರಲಿ. ಹಲಗೆಯು ಬಾಗಿದರೆ, ಅಥವಾ ಅದರ ಮೂಲೆಗಳಲ್ಲಿ ಕೂದಲೆಳೆಯಂತಹ ಬಿರುಕು ತೆರೆದು ಮುಚ್ಚಿದರೆ, ಒಳಗೆ ಕೊಳೆತಿದೆ. ಸಂಶಯವಿದ್ದಲ್ಲಿ ಒಳಬದಿಯಿಂದ, ಕೆಳಗಡೆ, ಒಂದು ಸಣ್ಣ ತೂತು ಕೊರೆಯಿಸಿ ಬರುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಬಹುದು. ತಿಳಿಬಣ್ಣದ ಒಣಪುಡಿ ಬಂದರೆ ಕ್ಷೇಮ. ಕಪ್ಪಾಗಿ ಒದ್ದೆಯಾಗಿ ಬಂದರೆ ಹಲಗೆಯನ್ನು ಬದಲಾಯಿಸದೆ ಗತ್ಯಂತರವಿಲ್ಲ. ಮಾರುವವನು ತೂತಿಗೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಹಲಗೆಯ ಎತ್ತರಕ್ಕೂ ಯಂತ್ರದ ಕಾಲಿನ ಉದ್ದಕ್ಕೂ ಹೊಂದಿಕೆ ಇರಬೇಕು. ಗಿಡ್ಡ ಕಾಲಿನ ಯಂತ್ರವು ಸುಮಾರು 15 ಅಂಗುಲ ಎತ್ತರದ ಹಲಗೆಗೂ ಉದ್ದ ಕಾಲಿನದು ಸುಮಾರು 20 ಅಂಗುಲದ್ದಕ್ಕೂ ಮಾಡಲ್ಪಟ್ಟಿರುವುದು. ಪಂಖದ ಮೇಲ್ಗಡೆ ಅಡ್ಡಲಾಗಿ ಒಂದು ಚಪ್ಪಟೆಯಾದ ತಗಡಿನಂತಹ ಭಾಗವಿರುವುದಷ್ಟೆ. ಅದು ದೋಣಿಯ ಅಡಿಯ ಮಟ್ಟಕ್ಕೆ ಸಮನಾಗಿ, ಅಥವಾ ಒಂದು ಅಂಗುಲದಷ್ಟು ಕೆಳಗಿರಬೇಕು. ಅದಕ್ಕಿಂತ ಮೇಲಿದ್ದರೆ ಅಲೆಯ ನೆತ್ತಿಯಲ್ಲಿ ಪಂಖವು ಗಾಳಿಯನ್ನು ಹೀರಿ, ಯಂತ್ರವು ಬೊಬ್ಬೆ ಹೊಡೆದು, ದೋಣಿಯು ಮುಂದೆ ಸರಿಯದೆ ನಿಲ್ಲುವುದು. ಬಹಳ ಕೆಳಗಿದ್ದರೆ ಎಣ್ಣೆ ಹೆಚ್ಚು ಖರ್ಚಾಗಿ ವೇಗ ಕುಗ್ಗುವುದು. ಹಿಡಿತಿರುಪುಗಳನ್ನು ಕೈಯಿಂದ ಬಿಗಿದರೆ ಸಾಲದು. ಹಲಗೆಯ ಮೂಲಕ ಹಾಯುವ ಸ್ಟೇನ್‌ಲೆಸ್ ಬೋಲ್ಟುಗಳನ್ನು ಹಾಕಿ, ಒಳಬದಿಗೆ ಅಗಲವಾದ ತಗಡು ಕೊಟ್ಟು, ತೂತಿನ ಒಳಮೈಗೆ ಅಂಟು ಸವರಿ ನೀರು ಸೇರದಂತೆ ಮಾಡತಕ್ಕದ್ದು. ಇಷ್ಟಾದ ಮೇಲೂ ಯಂತ್ರವನ್ನು ದೋಣಿಗೆ ಒಂದು ಸರಪಳಿಯಿಂದ ಬಂಧಿಸುವುದು ಒಳ್ಳೆಯದು.

ಯಂತ್ರದಲ್ಲಿ ಬದಲಾಯಿಸಲೇಬೇಕಾದ ಭಾಗಗಳು ಕೆಲವು. ತಂಪುಗೊಳಿಸುವ ನೀರನ್ನು ಮೇಲಕ್ಕೆಳೆಯುವ ಸಣ್ಣ ರಬ್ಬರ್ ಚಕ್ರವು ನಮ್ಮ ಮರಳುಗೂಡಿದ ನೀರಿನಲ್ಲಿ ಬೇಗ ಸವೆಯುವುದು. ಹಿಂದಿನ ಮಾಲಿಕನು ಏನು ಹೇಳಿದರೂ ಅದನ್ನು ಹೊಸದಾಗಿ ಹಾಕಿಸಬೇಕು, ಅನಂತರ ವರ್ಷಕ್ಕೊಮ್ಮೆ. ಕೆಳಗಿನ ಗೇರಿನ ಎಣ್ಣೆಯನ್ನು ಇಳಿಸಿದಾಗ ಅದು ಹಾಲಿನಂತೆ ಬೆಳ್ಳಗಿದ್ದರೆ ನೀರು ಒಳಹೊಕ್ಕಿದೆ, ಸೀಲುಗಳು ಹೋಗಿವೆ. ಯಂತ್ರದ ಕೆಳಭಾಗದಲ್ಲಿ ಬೋಲ್ಟಿನಿಂದ ಕೂಡಿಸಿದ ಸತುವಿನ ತುಂಡೊಂದು ಇರುತ್ತದೆ. ಉಪ್ಪುನೀರು ಅಲ್ಯೂಮಿನಿಯಮನ್ನು ತಿನ್ನುವ ಬದಲು ಈ ಸತುವನ್ನು ತಿನ್ನಲಿ ಎಂಬುದೇ ಅದರ ಉದ್ದೇಶ. ಅರ್ಧ ಕರಗಿದೊಡನೆ ಬದಲಾಯಿಸಬೇಕು; ಕೆಲವರು ಚೆಂದಕ್ಕಾಗಿ ಅದಕ್ಕೆ ಬಣ್ಣ ಬಳಿಯುವರು, ಬಣ್ಣ ಬಳಿದ ಸತುವು ಏನನ್ನೂ ಕಾಯುವುದಿಲ್ಲ. ಎಣ್ಣೆಯ ಕೊಳವೆ, ಕೈಯಿಂದ ಹಿಸುಕುವ ರಬ್ಬರ್ ಬುಗ್ಗೆ, ಸೋಸುಕ ಇವು ಅಗ್ಗದ ಸಾಮಾನುಗಳು. ಅಳಿವೆಯಲ್ಲಿ ಯಂತ್ರ ನಿಲ್ಲುವುದು ದೊಡ್ಡ ಭಾಗ ಮುರಿದು ಎನ್ನುವುದಕ್ಕಿಂತ ಇಂತಹ ಅಗ್ಗದ ಭಾಗಗಳಿಂದಲೇ ಹೆಚ್ಚು, ಎಣ್ಣೆಯಲ್ಲಿ ಸೇರಿದ ನೀರಿನಿಂದ ಇನ್ನೂ ಹೆಚ್ಚು. ನೀರನ್ನು ಬೇರ್ಪಡಿಸುವ ಸೋಸುಕವನ್ನು ತಪ್ಪದೆ ಹಾಕಿಸುವುದು.

ಸೀಮೆಎಣ್ಣೆಯಿಂದ ನಡೆಯುವ ಯಂತ್ರವಾದರೆ ಪೆಟ್ರೋಲಿನಿಂದ ಆರಂಭಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಪುನಃ ಪೆಟ್ರೋಲಿಗೆ ತರಬೇಕೆಂಬುದು ತಾಂಡೇಲರಿಗೆಲ್ಲ ಗೊತ್ತಿರುವ ಸಂಗತಿ. ಮೊದಲ ಮಾಲಿಕನ ಆಳುಗಳು ಈ ಕ್ರಮವನ್ನು ಪಾಲಿಸಿದರೋ ಇಲ್ಲವೋ ಎಂಬುದನ್ನು ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಸ್ವಲ್ಪಮಟ್ಟಿಗೆ ತಿಳಿಯಬಹುದು. ದಪ್ಪನಾದ ಒದ್ದೆ ಮಸಿ ಒಳ್ಳೆಯ ಲಕ್ಷಣವಲ್ಲ.

ಈಗ ಬಲೆಯ ವಿಷಯ. ಬಳಸಿದ ದೋಣಿಯೊಂದಿಗೆ ಬಳಸಿದ ಬಲೆಯನ್ನೂ ಸೇರಿಸಿ ಮಾರುವುದು ವಾಡಿಕೆ. ನೈಲಾನು ನೀರಿನಲ್ಲಿ ಕೊಳೆಯದಿದ್ದರೂ ಬಿಸಿಲಿನಲ್ಲಿ ಸಾಯುವುದು. ಬಲೆಯ ರಾಶಿಯ ಮೇಲ್ಭಾಗ, ನಡುಭಾಗ, ಅಡಿಭಾಗಗಳಿಂದ ಒಂದೊಂದು ಕಣ್ಣನ್ನು ಆಯ್ದು ಎರಡು ಬೆರಳಿನಿಂದ ಎಳೆದು ನೋಡಬೇಕು. ಒಣಗಿದ ಹುಲ್ಲಿನಂತೆ ಗಂಟಿನ ಬಳಿ ಮುರಿದರೆ ಅದು ಬಲೆಯಲ್ಲ, ಹೊರೆ. ಹಗ್ಗಗಳು, ಬೆಂಡುಗಳು, ಸೀಸದ ಗುಂಡುಗಳು ಮಾತ್ರ ಉಪಯೋಗಕ್ಕೆ ಬರಬಹುದು. ಹೊಸ ಜಾಲವನ್ನು ಹಗ್ಗಕ್ಕೆ ಕಟ್ಟಿಸುವಾಗ ಪಟ್ಟಬಲೆ, ಕಂತಬಲೆಗಳಂತಹ ಮೀನು ಸಿಕ್ಕಿಬೀಳುವ ಬಲೆಗಳಿಗೆ ಜಾಲದ ಎಳೆದ ಉದ್ದದ ಸುಮಾರು ಅರ್ಧದಷ್ಟು ಹಗ್ಗ ಬರುವಂತೆ ಕಟ್ಟುವುದು ಸಾಮಾನ್ಯ. ಬಿಗಿಯಾಗಿ ಕಟ್ಟಿದರೆ ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಆದರೆ ಮೀನು ತಾಗಿ ಹಿಂದಿರುಗುವುದು.

ಬಲೆಯನ್ನು ಎಳೆಯುವ ಉರುಳೆಯನ್ನು ಎಲ್ಲಿ ಕೂಡಿಸಬೇಕೆಂಬ ವಿಚಾರದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹಿಂಬದಿಯಿಂದ ಎಳೆಯುವುದು ಸುಲಭವೆಂದು ತೋರಿದರೂ ಅಲ್ಲಿ ಪಂಖವಿದೆ. ಸಡಿಲವಾದ ಬಲೆಯ ಒಂದು ಮಡಿಕೆ ಪಂಖಕ್ಕೆ ಸುತ್ತಿಕೊಂಡರೆ ಯಂತ್ರವೂ ಬಲೆಯೂ ಒಟ್ಟಿಗೆ ಹೋದಂತೆ. ಅಲ್ಲದೆ ಬಲೆಯ ಭಾರವು ಹಿಂಬದಿಯನ್ನು ತಗ್ಗಿಸಿ, ಅಲೆಯು ಆ ತಗ್ಗಿನಿಂದಲೇ ಒಳನುಗ್ಗುವುದು. ಆದುದರಿಂದ ಉರುಳೆಯನ್ನು ನಡುವಿಗಿಂತ ಸ್ವಲ್ಪ ಮುಂದೆ, ಒಂದು ಬದಿಯ ಅಂಚಿನಲ್ಲಿ ಕೂಡಿಸುವುದು ಯುಕ್ತ. ಅಂಚಿನ ಪಟ್ಟಿಗೆ ಬರಿಯ ತಿರುಪು ಹಾಕಿದರೆ ಎರಡನೆಯ ದಿನವೇ ಕಿತ್ತುಬರುವುದು. ಒಳಬದಿಗೆ ಗಟ್ಟಿಮರದ ಅಥವಾ ದಪ್ಪ ಪ್ಲೈವುಡ್ಡಿನ ತುಂಡನ್ನು ಅಂಟಿಸಿ, ಅದರ ಅಂಚುಗಳಿಗೆಲ್ಲ ರಾಳ ಕುಡಿಸಿ, ಅನಂತರ ಬೋಲ್ಟು ಹಾಯಿಸಿ ದೊಡ್ಡ ವಾಷರಿನೊಂದಿಗೆ ಬಿಗಿಯಬೇಕು. ಯಂತ್ರದಿಂದ ತಿರುಗುವ ಎಳೆಯುಂತ್ರವನ್ನು ಹಾಕುವವರು ಅದನ್ನು ತಕ್ಷಣ ನಿಲ್ಲಿಸುವ ಕೀಲಿಯನ್ನು ಎಳೆಯುವವನ ಕೈಗೆಟಕುವಲ್ಲಿಯೇ ಇರಿಸತಕ್ಕದ್ದು. ತೋಳಿನ ಅಂಗಿ ಸಿಕ್ಕಿಕೊಂಡವನು ತಾಂಡೇಲನನ್ನು ಕೂಗಿ ಕರೆಯುವಷ್ಟು ಹೊತ್ತು ಇರುವುದಿಲ್ಲ.

ಒಂದು ತತ್ತ್ವವನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ. ಭಾರವು ಕೆಳಗಿದ್ದಷ್ಟೂ ದೋಣಿಯು ಸ್ಥಿರ, ಮೇಲೇರಿದಷ್ಟೂ ಅಸ್ಥಿರ ಎಂಬುದನ್ನು ಹುಲ್ಲಿನ ಗಾಡಿ ಹೇರಿದವರೆಲ್ಲ ಬಲ್ಲರು. ಆದರೆ ಕಂಬದ ತುದಿಯ ರಾಟೆಯಿಂದ ಮೀನಿನ ಮೂಟೆಯನ್ನು ಎತ್ತುವಾಗ, ಮೂಟೆಯು ನೀರಿನಿಂದ ಬೆರಳಷ್ಟು ಮೇಲೆ ಬಂದ ಕ್ಷಣದಿಂದಲೇ ಅದರ ಭಾರವೆಲ್ಲವೂ ರಾಟೆಯ ತುದಿಯಲ್ಲಿ ಕುಳಿತಂತೆ ದೋಣಿಗೆ ತಟ್ಟುವುದು. ಮೂಟೆ ಕೆಳಗಿದೆಯೆಂದು ಧೈರ್ಯ ತಾಳುವುದು ತಪ್ಪು. ಹಾಗೆಯೇ ದೋಣಿಯ ತಳದಲ್ಲಿ ತಡೆಯಿಲ್ಲದೆ ಹರಿದಾಡುವ ನೀರೂ ರಾಶಿಬಿದ್ದ ಸಣ್ಣಮೀನೂ ದೋಣಿ ವಾಲಿದ ಕಡೆಗೇ ಓಡಿ ವಾಲುವಿಕೆಯನ್ನು ಹೆಚ್ಚಿಸುವುವು. ಗದ್ದೆಗೆ ಅಂಚು ಕಟ್ಟುವಂತೆ ತಳದಲ್ಲಿ ಅಡ್ಡ ಹಲಗೆಗಳನ್ನು ಕೂಡಿಸಿ ಮನೆ ಮನೆಯಾಗಿ ವಿಂಗಡಿಸಬೇಕು.

ಹೊಸ ಸಲಕರಣೆ ಕೂಡಿಸಿದ್ದರಿಂದ ದೋಣಿಯು ಕೆಟ್ಟಿತೋ ಇಲ್ಲವೋ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದುಂಟು. ಶಾಂತವಾದ ಹೊಳೆಯ ನೀರಿನಲ್ಲಿ, ಹಗ್ಗಗಳನ್ನು ಸಡಿಲಬಿಟ್ಟು, ಬದಿಯನ್ನು ಒತ್ತಿ ಒತ್ತಿ ದೋಣಿಯನ್ನು ಓಲಾಡಿಸಿರಿ. ಒಂದು ಬದಿಗೆ ವಾಲಿ, ಇನ್ನೊಂದು ಬದಿಗೆ ಹೋಗಿ, ಮರಳಿ ಮೊದಲ ಬದಿಗೆ ಬರುವ ಹೊತ್ತನ್ನು ಗಡಿಯಾರ ಹಿಡಿದು ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ. ಜೋಡಣೆಗೆ ಮುಂಚೆ ಒಮ್ಮೆ, ಜೋಡಣೆಯಾದ ಮೇಲೆ ಬಲೆ ಮತ್ತು ಎಣ್ಣೆಯನ್ನು ಹೇರಿ ಇನ್ನೊಮ್ಮೆ. ಓಲಾಟವು ನಿಧಾನವಾಯಿತೆಂದರೆ ಸ್ಥಿರತೆ ಕುಗ್ಗಿತೆಂದು ಅರ್ಥ. ಸಣ್ಣ ಮೀನುಗಾರಿಕಾ ದೋಣಿಗಳ ಸ್ಥೂಲ ಅಳತೆಯಂತೆ, ದೋಣಿಯ ಅಗಲ ಎಷ್ಟು ಮೀಟರೋ ಅಷ್ಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದು ಓಲಾಟಕ್ಕೆ ಹಿಡಿಯಬಾರದು. ಮೆಲ್ಲಗೆ ತೊಟ್ಟಿಲಿನಂತೆ ತೂಗುವ ದೋಣಿಯು ಕುಳಿತವರಿಗೆ ಹಿತವೆನಿಸಿದರೂ ಅದನ್ನು ನಂಬತಕ್ಕದ್ದಲ್ಲ.

ವಿದ್ಯುತ್ತಿನ ಕೆಲಸದಲ್ಲಿ ಮನೆಗೆ ಹಾಕುವ ತಂತಿಯನ್ನು ದೋಣಿಗೆ ಹಾಕಿಸಕೂಡದು. ತವರ ಲೇಪಿಸಿದ ತಾಮ್ರದ ತಂತಿಯೇ ಉಪ್ಪುಗಾಳಿಗೆ ತಡೆಯುವುದು. ಬ್ಯಾಟರಿಯನ್ನು ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಕಟ್ಟಿ, ಅದರ ಸಮೀಪದಲ್ಲಿಯೇ ಫ್ಯೂಜು ಇಡಿಸಬೇಕು. 2023ರ ನವೆಂಬರಿನಲ್ಲಿ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ಬೋಟುಗಳು ಬೆಂಕಿಗೆ ಆಹುತಿಯಾದುದನ್ನು ಈ ಭಾಗದವರು ಕಂಡಿದ್ದಾರೆ. ಫೈಬರಿಗೆ ಬೆಂಕಿ ತಗುಲಿದರೆ ಎಷ್ಟು ಬೇಗ ಹರಡುವುದೆಂದು ಅವರಿಗೆ ಹೇಳಬೇಕಾಗಿಲ್ಲ. ಎಡಕ್ಕೆ ಕೆಂಪು, ಬಲಕ್ಕೆ ಹಸುರು, ಎಲ್ಲ ಕಡೆಗೂ ಕಾಣುವ ಬಿಳಿಯ ದೀಪ ಇವು ಕೆಟ್ಟಿದ್ದರೆ ಸರಿಪಡಿಸತಕ್ಕದ್ದು. ಹಳೆಯ ದೋಣಿಯೊಂದಿಗೆ ಜನರೇಟರನ್ನೂ ಮೀನು ಸೆಳೆಯುವ ಪ್ರಖರವಾದ ಎಲ್‌ಇಡಿ ದೀಪಗಳನ್ನೂ ಲಾಭವೆಂದು ತೋರಿಸಿ ಮಾರಲು ಬಂದರೆ ಅವನ್ನು ಬೆಲೆಗೆ ಹಿಡಿಯಬೇಡಿರಿ. ಅಂತಹ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರಕಾರವು 2017ರ ನವೆಂಬರಿನಲ್ಲಿಯೇ ನಿಷೇಧಿಸಿದೆ.

ಆಳವನ್ನೂ ಮೀನಿನ ಗುಂಪನ್ನೂ ತೋರಿಸುವ ಪ್ರತಿಧ್ವನಿ ಯಂತ್ರವು ಈಗ ಸಣ್ಣ ದೋಣಿಗಳಿಗೂ ಬಂದಿದೆ. ಶಬ್ದವು ಕಡಲನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರು ಚಲಿಸುವುದು. ಕಳುಹಿಸಿದ ಸದ್ದು ಒಂದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದಲ್ಲಿ ಮರಳಿದರೆ ಹೋಗಿ ಬಂದ ದೂರ 60 ಮೀಟರು, ಆಳ 30 ಮೀಟರು. ಸದ್ದು ಕಳುಹಿಸುವ ಬಿಲ್ಲೆಯನ್ನು ಪಂಖದ ನೊರೆ ತಾಗದ ಕಡೆಯಲ್ಲಿ ಕೂಡಿಸಬೇಕು, ಏಕೆಂದರೆ ಗಾಳಿಗುಳ್ಳೆಗಳು ಸದ್ದನ್ನು ನುಂಗುವುವು. ಗಟ್ಟಿ ಫೈಬರಿನ ಅಡಿಯಾದರೆ ತೂತು ಕೊರೆಯದೆ ಒಳಗಿನಿಂದಲೇ, ಗುಳ್ಳೆಯಿಲ್ಲದಂತೆ ರಾಳದಲ್ಲಿ ಕೂಡಿಸಬಹುದು. ಜಿಪಿಎಸ್ ಇದ್ದಲ್ಲಿ ಹಿಂದಿನ ಮಾಲಿಕನು ಅದರಲ್ಲಿ ಗುರುತಿಸಿಟ್ಟ ಕಲ್ಲುಗಳ ಮತ್ತು ಮೀನಿನ ನೆಲೆಗಳ ಗುರುತುಗಳನ್ನು ಅಳಿಸದೆ ಕೊಡುವಂತೆ ಮಾತಾಡಿಕೊಳ್ಳುವುದು ಜಾಣತನ. ಬೆಟ್ಟದ ತುದಿಗೂ ದಡದ ಮರಕ್ಕೂ ಗೆರೆ ಹಿಡಿದು ನೆಲೆ ನೆನಪಿಡುತ್ತಿದ್ದ ಮುದುಕರ ವಿದ್ಯೆಯಂತೆ ಅದೂ ಒಂದು ಆಸ್ತಿಯೇ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಎರಡು ದಿನಗಳ ಅನಂತರ ಅದರೊಡನೆ ಸಂಪರ್ಕ ಕಡಿದಿತ್ತು. ಅವಶೇಷವು 2019ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲಿನ ತಳದಲ್ಲಿ ನೌಕಾಪಡೆಗೆ ದೊರೆಯಿತು. ಅಷ್ಟು ತಿಂಗಳು ಆ ಮನೆಗಳವರು ಕಾದ ಬಗೆಯನ್ನು ಕರಾವಳಿಯು ಮರೆತಿಲ್ಲ. ನಾಡದೋಣಿಯು ಅಷ್ಟು ದೂರ ಹೋಗುವುದಿಲ್ಲವೆಂಬುದು ನಿಜ. ಆದರೂ ವಿಎಚ್‌ಎಫ್ ರೇಡಿಯೋ ಒಂದನ್ನು ಕೂಡಿಸಿ, ಅದರ ಕಡ್ಡಿಯನ್ನು ಸಾಧ್ಯವಾದಷ್ಟು ಎತ್ತರದಲ್ಲಿ ನಿಲ್ಲಿಸಿ, 16ನೆಯ ಚಾನೆಲಿನಲ್ಲಿ ಅಪಾಯದ ಕರೆ ಕೊಡುವುದನ್ನು ತಾಂಡೇಲನಿಗೆ ಮಾತ್ರವಲ್ಲ, ದೋಣಿಯ ಪ್ರತಿಯೊಬ್ಬನಿಗೂ ಕಲಿಸಬೇಕು. ಮೊಬೈಲು ಸಿಗುವಷ್ಟು ದೂರದಲ್ಲಿದ್ದರೆ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸಿನ 1093 ಇವೆರಡು ಸಂಖ್ಯೆಗಳನ್ನು ದೋಣಿಯ ಒಳಬದಿಯಲ್ಲಿ ಬಣ್ಣದಿಂದ ಬರೆಯಿಸಿರಿ. ಜೀವರಕ್ಷಕ ಜಾಕೆಟುಗಳನ್ನು ದೋಣಿಯೊಂದಿಗೆ ಬಂದವೆಂದು ಸ್ವೀಕರಿಸದೆ, ಒಂದೊಂದನ್ನೂ ತೊಟ್ಟು ಹೊಳೆಗಿಳಿದು ನೋಡತಕ್ಕದ್ದು. ಹಣ ಕೊಡುವ ಯಜಮಾನರು ಬಲೆಯ ಖರ್ಚಿಗೆ ಕೈ ಬಿಡಿಸಿ ಜಾಕೆಟಿನ ಖರ್ಚಿಗೆ ಕೈ ಮುಚ್ಚುವುದನ್ನು ಈ ಲೇಖಕನು ಎಂದೂ ಒಪ್ಪಲಾರನು.

ಕಾಗದಪತ್ರಗಳ ವಿಷಯದಲ್ಲಿ ಗುರಿಕಾರರ ಮತ್ತು ಗ್ರಾಮದ ಮುಖಂಡರ ಪಾತ್ರವು ದೊಡ್ಡದು. ದೋಣಿಯ ನೋಂದಣಿಯೂ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆಯಂತೆ ಪಡೆದ ಪರವಾನಿಗೆಯೂ ಮಾರುವವನ ಹೆಸರಿನಲ್ಲಿಯೇ ಇವೆಯೇ, ಸೊಸೈಟಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಅದರ ಮೇಲೆ ಸಾಲ ಬಾಕಿ ಇದೆಯೇ, ಯಂತ್ರದ ಮೇಲೆ ಕೊರೆದ ಸಂಖ್ಯೆಯೂ ಬಿಲ್ಲಿನ ಸಂಖ್ಯೆಯೂ ಒಂದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲು ನೋಡಬೇಕು. ಹೆಸರು ವರ್ಗವಾಗದೆ ವಿಮೆಯಿಲ್ಲ, ಎಣ್ಣೆಯ ರಿಯಾಯಿತಿಯೂ ಇಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಹಳೆಯ ದೋಣಿಯ ಬದಲು ಹೊಸ ದೋಣಿ ಮತ್ತು ಬಲೆ ಕೊಳ್ಳುವ ಸಾಂಪ್ರದಾಯಿಕ ಮೀನುಗಾರರಿಗೆ ಸಹಾಯಧನದ ಏರ್ಪಾಡು ಮಾಡಲ್ಪಟ್ಟಿತು. ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ನೂರಕ್ಕೆ 40, ಪರಿಶಿಷ್ಟರಿಗೂ ಸ್ತ್ರೀಯರಿಗೂ ನೂರಕ್ಕೆ 60 ಎಂದು ಪ್ರಮಾಣವಿತ್ತು. ದುರಸ್ತಿಯ ಅಂದಾಜು ಹೆಚ್ಚಾಗಿ ಕಂಡುಬಂದಲ್ಲಿ, ಹಳೆಯದಕ್ಕೆ ಹಣ ಸುರಿಯುವ ಮೊದಲು ಇಂತಹ ಸಹಾಯವು ದೊರೆಯುವುದೇ ಎಂದು ಮೀನುಗಾರಿಕಾ ಇಲಾಖೆಯ ಕುಂದಾಪುರದ ಕಚೇರಿಯಲ್ಲಿ ವಿಚಾರಿಸುವುದು ಮೇಲು. ಪಾಲಿನ ಲೆಕ್ಕವನ್ನೂ, ಅಂದರೆ ದೋಣಿಗೆಷ್ಟು, ಯಂತ್ರಕ್ಕೆಷ್ಟು, ಬಲೆಗೆಷ್ಟು, ಆಳಿಗೆಷ್ಟು, ಮುಂದಿನ ದುರಸ್ತಿಗೆ ತೆಗೆದಿಡುವುದೆಷ್ಟು ಎಂಬುದನ್ನು ಈ ಹಂತದಲ್ಲಿಯೇ ಬರೆದಿಡತಕ್ಕದ್ದು.

ಎಲ್ಲವೂ ಮುಗಿದ ಮೇಲೆ ಮೊದಲ ಓಟವನ್ನು ಹೊಳೆಯೊಳಗೆ, ಬಲೆ ಹೇರದೆ, ಒಂದು ಗಂಟೆಯ ಕಾಲ ಮಾಡಬೇಕು. ಯಂತ್ರದಿಂದ ತಂಪುನೀರಿನ ಧಾರೆ ಒಂದೇ ಸಮನೆ ಬರುತ್ತಿದೆಯೇ ಎಂದು ಒಬ್ಬನು ನೋಡುತ್ತಿರಲಿ. ದಡಕ್ಕೆ ಬಂದೊಡನೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು, ಹಿಂಬದಿ ಹಲಗೆಯ ಒಳಮೈಯನ್ನು ಒಣಬಟ್ಟೆಯಿಂದ ಒರಸಿ ಎಲ್ಲಿಯಾದರೂ ಒಸರಿದೆಯೇ ನೋಡಿ, ಯಂತ್ರವನ್ನು ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ನಡೆಸಿ ತೊಳೆಯಬೇಕು. ಅಳಿವೆ ದಾಟುವ ಮೊದಲ ದಿನವನ್ನು ಆರಿಸುವಾಗ ಇಳಿತದ ಹೊತ್ತನ್ನು ಬಿಡಬೇಕು. ಹೊರಗೆ ಹರಿಯುವ ಹೊಳೆಯ ನೀರೂ ಒಳಬರುವ ಅಲೆಯೂ ಎದುರುಬದುರಾಗಿ ತಾಗುವುದರಿಂದ ಆಗ ಅಲೆಗಳು ಕಡಿದಾಗಿ ಎದ್ದು ಒಡೆಯುವುವು. ಭರತ ಏರುತ್ತಿರುವಾಗ, ಬೆಳಕಿರುವಾಗ, ದಾರಿ ಬಲ್ಲ ಇನ್ನೊಂದು ದೋಣಿಯ ಹಿಂದೆ, ಹುಟ್ಟುಗಳೂ ಲಂಗರೂ ಕೈಗೆಟಕುವಂತಿರುವಾಗ ಹೊರಡುವುದು.